ಮರಳುನಾಡಿನಲ್ಲಿ ಸಿಕ್ಕ ಬನ್ನಿ

ಅಂದು ವಿಜಯದಶಮಿ. 2024ರ ಅಕ್ಟೋಬರ್ 12, ಶನಿವಾರ. ಮೈಸೂರಿನಲ್ಲಿ ಅಂಬಾರಿ ಹೊತ್ತ ಆನೆ ಬನ್ನಿಮಂಟಪದ ಕಡೆಗೆ ಹೆಜ್ಜೆ ಹಾಕುವ ದಿನ. ಅದೇ ದಿನ ಕಡಲಾಚೆಯ ದುಬೈ ನಗರದ ಅಂಚಿನಲ್ಲಿರುವ ಮುಶ್ರಿಫ್ ಉದ್ಯಾನದಲ್ಲಿ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಒಂದು ಮರದ ಮುಂದೆ ಗಕ್ಕನೆ ನಿಂತುಬಿಟ್ಟರು. ಸುತ್ತ ಮರಳು. ಮರಳಿನ ನಡುವೆ ಬಾಗಿದ ಕೊಂಬೆಗಳ, ಸಣ್ಣ ಸಣ್ಣ ಎಲೆಗಳ, ಮುಳ್ಳಿನ ಮರ. ಅಜ್ಜಿ ಚಪ್ಪಲಿ ಕಳಚಿದರು. ಕೈ ಮುಗಿದರು. ಮಗನತ್ತ ತಿರುಗಿ, ‘ಇದು ನಮ್ಮ ಬನ್ನಿ ಗಿಡ ಅಲ್ಲೇನ?’ ಎಂದು ಕೇಳಿದರು.

ಮಗ ನಕ್ಕುಬಿಟ್ಟ. ‘ಅವ್ವಾ, ಇದು ಅರಬರ ದೇಶ. ಇಲ್ಲಿ ಎಲ್ಲಿಯ ಬನ್ನಿ? ಇದಕ್ಕೆ ಇಲ್ಲಿ ಗಾಫ್ ಅಂತಾರೆ’ ಎಂದ. ಆದರೆ ಒಂಬತ್ತನೇ ತರಗತಿಯ ಮೊಮ್ಮಗಳು ನಗಲಿಲ್ಲ. ಮರದ ಪಕ್ಕದ ಫಲಕದಲ್ಲಿದ್ದ ವೈಜ್ಞಾನಿಕ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು: ಪ್ರೊಸೋಪಿಸ್ ಸಿನೆರೇರಿಯಾ. ಊರಿಗೆ ಮರಳಿದ ಮೇಲೆ ಪುಸ್ತಕ ತೆರೆದು ನೋಡಿದಾಗ ಬನ್ನಿ ಮರದ ಮುಂದೆಯೂ ಅದೇ ಹೆಸರು! ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಸಸ್ಯಶಾಸ್ತ್ರದ ಪರೀಕ್ಷೆಯಲ್ಲಿ ಗೆದ್ದಿದ್ದರು.

ಪೀಣ್ಯದಿಂದ ಹೊರಟವರು

ಈ ಕುಟುಂಬದ ಮೂಲ ಗದಗ ಜಿಲ್ಲೆಯ ಒಂದು ಹಳ್ಳಿ. ಮಳೆ ಕೈಕೊಟ್ಟ ವರ್ಷಗಳಲ್ಲಿ ಹೊಲ ಬಿಟ್ಟು ಬೆಂಗಳೂರಿಗೆ ಬಂದ ನೂರಾರು ಸಂಸಾರಗಳಲ್ಲಿ ಇದೂ ಒಂದು. 1970ರ ದಶಕದಲ್ಲಿ ರೂಪುಗೊಂಡು, ಏಷ್ಯದ ಅತಿ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲೊಂದು ಎಂದು ಹೆಸರಾದ ಪೀಣ್ಯ ಇಂಥ ಎಷ್ಟೋ ಮಂದಿಗೆ ಅನ್ನ ಕೊಟ್ಟಿದೆ. ಅಜ್ಜ ಅಲ್ಲೊಂದು ಕಾರ್ಖಾನೆಯಲ್ಲಿ ಸಹಾಯಕನಾಗಿ ದುಡಿದರು. ಹಿರಿಯ ಮಗ ಈಗ ಅದೇ ಪ್ರದೇಶದಲ್ಲಿ ಲೇಥ್ ಯಂತ್ರದ ಕೆಲಸಗಾರ. ಸೊಸೆಗೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕೆಲಸ. ಕಿರಿಯ ಮಗ ಹವಾನಿಯಂತ್ರಣ ಯಂತ್ರಗಳ ದುರಸ್ತಿ ಕಲಿತು ದುಬೈ ಸೇರಿ ಆರು ವರ್ಷ. ಆರು ದಸರೆಗೂ ಅವನಿಗೆ ಊರಿಗೆ ಬರಲಾಗಿರಲಿಲ್ಲ. ‘ನಾನು ಬರಲಾಗದಿದ್ದರೆ ನೀವೇ ಬನ್ನಿ’ ಎಂದು ಕೂಡಿಟ್ಟ ಹಣದಲ್ಲಿ ಟಿಕೆಟ್ ಕಳಿಸಿದ್ದ.

ಹೊರಡುವ ಮುನ್ನ ಮನೆಯಲ್ಲಿ ಒಂದು ಸಣ್ಣ ಜಗಳ ನಡೆದಿತ್ತು. ಪೀಣ್ಯದ ಪಕ್ಕದ ಚೊಕ್ಕಸಂದ್ರದಲ್ಲಿ ಅವರದು 20 ಅಡಿ 30 ಅಡಿ ನಿವೇಶನದ ಪುಟ್ಟ ಮನೆ. ಮನೆ ಕಟ್ಟಿದ ವರ್ಷ ಅಜ್ಜ ಬಾಗಿಲ ಮುಂದೆ ಒಂದು ಹೊಂಗೆ ಸಸಿ ನೆಟ್ಟಿದ್ದರು. ಅಜ್ಜ ತೀರಿಕೊಂಡರು, ಹೊಂಗೆ ಬೆಳೆಯಿತು. ಆದರೆ 2024ರ ಬೇಸಿಗೆಯಲ್ಲಿ ಅದು ಎಲೆ ಉದುರಿಸಿದ್ದು ಮತ್ತೆ ಸರಿಯಾಗಿ ಚಿಗುರಲೇ ಇಲ್ಲ. ಒಂದೆರಡು ಕೊಂಬೆ ಪೂರ್ತಿ ಒಣಗಿದವು. ‘ದಸರೆ ಮುಗಿಯಲಿ, ಅನುಮತಿ ಪಡೆದು ಕಡಿಸಿಬಿಡೋಣ, ಸ್ಕೂಟರ್ ನಿಲ್ಲಿಸಲು ಜಾಗವಾದರೂ ಆಗುತ್ತದೆ’ ಎಂದು ಅಪ್ಪ ತೀರ್ಮಾನಿಸಿದ್ದ. ಅಜ್ಜಿ ಮಾತಾಡಿರಲಿಲ್ಲ. ಆ ಮೌನವನ್ನು ಜೊತೆಗಿಟ್ಟುಕೊಂಡೇ ಅವರು ವಿಮಾನ ಹತ್ತಿದ್ದರು.

ಆ ಬೇಸಿಗೆಯನ್ನು ಬೆಂಗಳೂರಿನ ಜನ ಅಷ್ಟು ಬೇಗ ಮರೆಯಲಾರರು. ಸರ್ಕಾರವೇ ಕೊಟ್ಟ ಲೆಕ್ಕದಂತೆ ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿಹೋಗಿದ್ದವು. ಕುಡಿಯುವ ನೀರನ್ನು ಗಿಡಗಳಿಗೆ ಹಾಕಿದರೆ, ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಮಾರ್ಚ್ ತಿಂಗಳಲ್ಲಿ ಜಲಮಂಡಳಿ ಆದೇಶ ಹೊರಡಿಸಿತು. ಕಾವೇರಿ ಕೊಳವೆ ತಲುಪದ ವೈಟ್‌ಫೀಲ್ಡ್‌ನ ಬಹುಮಹಡಿ ಕಟ್ಟಡಗಳಿಂದ ಹಿಡಿದು ಪೀಣ್ಯದ ಗಲ್ಲಿಗಳವರೆಗೆ ಟ್ಯಾಂಕರಿನ ದಾರಿ ಕಾಯುವುದೇ ದಿನಚರಿಯಾಯಿತು. ಬಿಂದಿಗೆಗೆ ಪರದಾಡುವಾಗ ಹೊಂಗೆಯ ಯೋಚನೆ ಯಾರಿಗೆ?

ಮರಳುಗಾಡಿಗೆ ಕಾರಣವೇನು?

ಬೆಂಗಳೂರಿನಿಂದ ದುಬೈಗೆ ಸುಮಾರು 2,700 ಕಿಲೋಮೀಟರ್. ನಾಲ್ಕು ಗಂಟೆಯ ಪ್ರಯಾಣ. ಇಳಿದ ಕೂಡಲೇ ಕೈಗಡಿಯಾರವನ್ನು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಬೇಕು. ವಿಮಾನದ ಕಿಟಕಿಯಿಂದ ಕಂಡ ನೆಲ ಕಂದು ಬಣ್ಣದ ಬಟ್ಟೆ ಹಾಸಿದಂತಿತ್ತು. ‘ಇಷ್ಟು ಹತ್ತಿರ ಸಮುದ್ರ ಇಟ್ಟುಕೊಂಡು ಇಲ್ಲಿ ಮಳೆ ಯಾಕೆ ಬರಲ್ಲ?’ ಎಂಬುದು ಹುಡುಗಿಯ ಮೊದಲ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. ನೀರು ಪಕ್ಕದಲ್ಲಿದ್ದರೆ ಮಳೆ ಬರಬೇಕೆಂದೇನೂ ಇಲ್ಲ.

ಭೂಮಧ್ಯರೇಖೆಯ ಬಳಿ ಬಿಸಿಲಿಗೆ ಕಾದ ತೇವದ ಗಾಳಿ ಮೇಲೇರುತ್ತದೆ. ಏರುತ್ತ ತಣಿದು ಮಳೆ ಸುರಿಸುತ್ತದೆ. ಹೀಗೆ ನೀರು ಕಳೆದುಕೊಂಡ ಗಾಳಿ ಎತ್ತರದಲ್ಲಿಯೇ ಉತ್ತರಕ್ಕೂ ದಕ್ಷಿಣಕ್ಕೂ ಸಾಗಿ, 20ರಿಂದ 30 ಡಿಗ್ರಿ ಅಕ್ಷಾಂಶಗಳ ಆಸುಪಾಸಿನಲ್ಲಿ ಕೆಳಗಿಳಿಯುತ್ತದೆ. ಸೈಕಲ್ ಪಂಪನ್ನು ಒತ್ತಿದಾಗ ಅದರ ತುದಿ ಬಿಸಿಯಾಗುವುದನ್ನು ಮಕ್ಕಳು ಬಲ್ಲರು. ಇಳಿಯುವ ಗಾಳಿಯೂ ಹಾಗೆಯೇ ಅದುಮಿಸಿಕೊಂಡು ಬಿಸಿಯಾಗುತ್ತದೆ. ಬಿಸಿಯಾದ ಒಣಗಾಳಿಯಲ್ಲಿ ಮೋಡ ಕಟ್ಟುವುದು ಕಷ್ಟ. ಸಹರಾ, ಅರೇಬಿಯ, ನಮ್ಮ ಥಾರ್ ಇವೆಲ್ಲ ಭೂಪಟದಲ್ಲಿ ಒಂದೇ ಪಟ್ಟಿಯ ಮೇಲೆ ಬರುವುದು ಆಕಸ್ಮಿಕವಲ್ಲ. ದುಬೈ ಇರುವುದು 25 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಬೆಂಗಳೂರು 13ರಲ್ಲಿ. ದುಬೈಗೆ ವರ್ಷಕ್ಕೆ ಸರಾಸರಿ ಸುಮಾರು 100 ಮಿಲಿಮೀಟರ್ ಮಳೆ. ಬೆಂಗಳೂರಿಗೆ ಅದರ ಒಂಬತ್ತು ಹತ್ತು ಪಟ್ಟು.

ಪ್ರಕೃತಿ ಕೆಲವೊಮ್ಮೆ ಲೆಕ್ಕ ತಪ್ಪುವುದೂ ಉಂಟು. 2024ರ ಏಪ್ರಿಲ್ 16ರಂದು ದುಬೈ ವಿಮಾನ ನಿಲ್ದಾಣದ ಪ್ರದೇಶದಲ್ಲಿ ಸುಮಾರು ಒಂದೇ ದಿನದಲ್ಲಿ 140 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಒಂದಿಡೀ ವರ್ಷಕ್ಕೂ ಮಿಕ್ಕಿದ ಮಳೆ! ರನ್‌ವೇಗಳು ಕೆರೆಯಾದವು. ಸೊಂಟದ ಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿದ್ದನ್ನು ಚಿಕ್ಕಪ್ಪ ವರ್ಣಿಸಿದ. ಅದೇ ಏಪ್ರಿಲ್‌ನಲ್ಲಿ ಬೆಂಗಳೂರಿನ ಮಳೆಮಾಪಕ ಒಣಗಿ ಕುಳಿತಿತ್ತು.

ಗಾಫ್ ವನದಲ್ಲಿ

ವಿಮಾನ ನಿಲ್ದಾಣದಿಂದ ಆಚೆ, ಖವಾನೀಜ್ ರಸ್ತೆಯ ಬದಿಯಲ್ಲಿ ಹರಡಿಕೊಂಡಿರುವ ಮುಶ್ರಿಫ್ ರಾಷ್ಟ್ರೀಯ ಉದ್ಯಾನದ ವಿಸ್ತಾರ ಸುಮಾರು 525 ಹೆಕ್ಟೇರ್. ಎಕರೆಯಲ್ಲಿ ಹೇಳಿದರೆ 1,300ರಷ್ಟು. ಅಂದರೆ ನಮ್ಮ ಲಾಲ್‌ಬಾಗಿನಂಥ ಐದು ತೋಟಗಳು ಒಳಗೆ ಹಿಡಿಸುತ್ತವೆ. ಇದು ಪೂರ್ತಿ ಮನುಷ್ಯ ನೆಟ್ಟ ತೋಟವಲ್ಲ. ಇಲ್ಲಿನ ಗಾಫ್ ವನ ಮರಳಿನಲ್ಲಿ ತಾನಾಗಿ ಹುಟ್ಟಿ ಬೆಳೆದದ್ದು. ಅದರ ನಡುವೆ ಕಾಲುದಾರಿಗಳು, ಸೈಕಲ್ ಹಾದಿಗಳು, ಕುಟುಂಬಗಳು ಕುಳಿತು ಉಣ್ಣಲು ನೆರಳಿನ ತಾಣಗಳು, ಮಕ್ಕಳ ಆಟದ ಬಯಲು. ಅಕ್ಟೋಬರಿನ ಹಗಲಲ್ಲಿ ಬಿಸಿಲಿನ್ನೂ ಚುರುಕು. ಸಂಜೆಯಾಗುತ್ತಿದ್ದಂತೆ ಮೈಗೆ ಹಿತ. 2022ರಿಂದ ಅಲ್ಲಿ ವಾರದ ರಜೆ ಶನಿವಾರ, ಭಾನುವಾರಕ್ಕೆ ಬದಲಾಗಿದೆ. ಹಾಗಾಗಿ ಅಂದು ಉದ್ಯಾನದ ತುಂಬ ಜನ. ಒಂದು ಚಾಪೆಯಿಂದ ಮಲಯಾಳ, ಮತ್ತೊಂದರಿಂದ ತುಳು, ಅದರಾಚೆ ಉರ್ದು, ಅರಬಿ. ಮಂಗಳೂರು ಕಡೆಯ ಕುಟುಂಬವೊಂದು ಅಜ್ಜಿಯ ಮಾತು ಕೇಳಿ, ‘ನೀವು ಕನ್ನಡದವರಾ?’ ಎಂದು ಚಹಾ ಕೊಟ್ಟಿತು.

ಗಾಫ್ ಎಂಬ ನಮ್ಮ ಬನ್ನಿ ಈ ದೇಶದ ರಾಷ್ಟ್ರವೃಕ್ಷ. 2019ನ್ನು ಸಂಯುಕ್ತ ಅರಬ್ ಸಂಸ್ಥಾನಗಳು ಸಹಿಷ್ಣುತೆಯ ವರ್ಷವೆಂದು ಆಚರಿಸಿದಾಗ ಅದರ ಲಾಂಛನವಾಗಿದ್ದದ್ದೂ ಈ ಮರವೇ. ರಾಜಸ್ಥಾನದಲ್ಲಿ ಇದು ಖೇಜಡಿ, ಅಲ್ಲಿ ರಾಜ್ಯವೃಕ್ಷ. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿ ಗ್ರಾಮದಲ್ಲಿ ಅರಮನೆಯವರು ಈ ಮರಗಳನ್ನು ಕಡಿಯಲು ಬಂದಾಗ ಅಮೃತಾದೇವಿ ಮರವನ್ನು ತಬ್ಬಿ ನಿಂತಳು. ಆಕೆಯೂ ಸೇರಿ 363 ಬಿಷ್ಣೋಯಿಗಳು ಪ್ರಾಣ ತೆತ್ತರು. ಅಜ್ಞಾತವಾಸಕ್ಕೆ ಹೊರಟ ಪಾಂಡವರು ಆಯುಧಗಳನ್ನು ಅಡಗಿಸಿಟ್ಟದ್ದು ಶಮೀವೃಕ್ಷದಲ್ಲಿ ಎಂಬ ಕಥೆ ನಮಗೆಲ್ಲ ಗೊತ್ತು. ಒಂದೇ ಮರ; ಹೆಸರು ಹಲವು, ಗೌರವ ಒಂದೇ.

ಗೌರವ ಸುಮ್ಮನೆ ಬಂದದ್ದಲ್ಲ. ಬನ್ನಿಯ ಬೇರು ನೀರನ್ನು ಹುಡುಕಿ 30 ಮೀಟರ್‌ವರೆಗೂ, ಅಂದರೆ ಹತ್ತಂತಸ್ತಿನ ಕಟ್ಟಡದ ಎತ್ತರದಷ್ಟು ಆಳಕ್ಕೆ ಇಳಿಯಬಲ್ಲದು. ಎಲೆ ಚಿಕ್ಕದಾದಷ್ಟೂ ಬಿಸಿಲಿಗೆ ಕಳೆದುಕೊಳ್ಳುವ ನೀರು ಕಡಿಮೆ. ಇದು ತೊಗರಿ, ಹೆಸರುಗಳ ದ್ವಿದಳ ಬಳಗಕ್ಕೆ ಸೇರಿದ್ದು. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ. ಆದ್ದರಿಂದಲೇ ಒಣ ಸೀಮೆಯ ರೈತ ಇದನ್ನು ಹೊಲದ ಬದುವಿನಲ್ಲಿ ಉಳಿಸಿಕೊಳ್ಳುತ್ತಾನೆ. ಮೇವು, ನೆರಳು, ಸೌದೆ, ಗೊಬ್ಬರ ಎಲ್ಲ ಕೊಡುವ ಮರವನ್ನು ಪೂಜಿಸದೆ ಇನ್ನಾವುದನ್ನು ಪೂಜಿಸಬೇಕು? ನಮ್ಮ ಬಯಲುಸೀಮೆಯನ್ನು ಮುತ್ತಿರುವ ಬಳ್ಳಾರಿ ಜಾಲಿಯೂ ಇದರ ದಾಯಾದಿಯೇ. ಆದರೆ ಅದು ಹೊರಗಿನಿಂದ ಬಂದು ಹಬ್ಬಿದ ಗಿಡ. ಎರಡನ್ನೂ ಒಂದೆಂದು ತಿಳಿಯಬಾರದು.

ಎಲೆ ಕೀಳುವಂತಿರಲಿಲ್ಲ. ಅಜ್ಜಿ ಬುಡದಲ್ಲಿ ಉದುರಿದ್ದ ಒಂದು ಹಿಡಿ ಎಲೆಗಳನ್ನು ಸೆರಗಿನಲ್ಲಿ ಆಯ್ದುಕೊಂಡರು. ಆರು ವರ್ಷದ ಬಳಿಕ ಇಬ್ಬರು ಮಕ್ಕಳೂ ಒಟ್ಟಿಗೆ ಎದುರಿಗಿದ್ದರು. ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎಂದು ಕಿರಿಯ ಮಗನ ಕೈಯಲ್ಲಿ ಎಲೆಗಳನ್ನಿಟ್ಟಾಗ ಅವನು ಬಗ್ಗಿ ಕಾಲು ಮುಟ್ಟಿದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಖಾರಿಯ ದಂಡೆಯ ಹಸಿರು

ಮರುದಿನ ಅವರು ಹೋದದ್ದು ನಗರದ ನಡುವಿನ ಕ್ರೀಕ್ ಪಾರ್ಕಿಗೆ. ಸಮುದ್ರದ ನೀರು ಒಳನಾಡಿಗೆ ಚಾಚಿಕೊಂಡಿರುವ ಖಾರಿಯೇ ದುಬೈಯ ಹುಟ್ಟಿಗೆ ಕಾರಣ. ಮುತ್ತಿನ ದೋಣಿಗಳು, ಭಾರತದಿಂದ ಅಕ್ಕಿ, ಬಟ್ಟೆ ಹೊತ್ತು ಬಂದ ಹಡಗುಗಳು ತಂಗುತ್ತಿದ್ದುದು ಇಲ್ಲಿಯೇ. ಆ ಖಾರಿಯ ದಂಡೆಗುಂಟ 1994ರಲ್ಲಿ ತೆರೆದ ಈ ಉದ್ಯಾನದ ವಿಸ್ತಾರ 96 ಹೆಕ್ಟೇರ್, ಸುಮಾರು 237 ಎಕರೆ. ಲಾಲ್‌ಬಾಗ್ 240 ಎಕರೆ. ಅಳತೆಯಲ್ಲಿ ಹೆಚ್ಚುಕಡಿಮೆ ಜೋಡಿ. ವಯಸ್ಸಿನಲ್ಲಿ ಮಾತ್ರ ಅಜಗಜಾಂತರ. ಹೈದರಾಲಿ 1760ರಲ್ಲಿ ಲಾಲ್‌ಬಾಗಿಗೆ ಅಡಿಯಿಟ್ಟಾಗ ದುಬೈ ಒಂದು ಸಣ್ಣ ಕರಾವಳಿ ಹಳ್ಳಿ.

ಮುಶ್ರಿಫ್‌ನಲ್ಲಿ ಮರ ತನ್ನ ಪಾಡಿಗೆ ತಾನು ಬದುಕಿದೆ. ಇಲ್ಲಿ ಹಾಗಲ್ಲ. ಹುಲ್ಲುಹಾಸು, ಖರ್ಜೂರದ ಸಾಲು, ಹೂವಿನ ಪಾತಿ ಎಲ್ಲವೂ ಮನುಷ್ಯ ನೀರುಣಿಸಿ ಸಾಕಿದವು. ಮರಗಳ ಮೇಲೆ ಗಿಳಿ, ಮೈನಾಗಳ ಗದ್ದಲ. ಅವೂ ನಮ್ಮ ಕಡೆಯಿಂದ ಹೋಗಿ ಅಲ್ಲಿ ನೆಲೆಯಾದ ಹಕ್ಕಿಗಳೇ. ಹುಡುಗಿ ಗಮನಿಸಿದ್ದು ಇನ್ನೊಂದನ್ನು. ಪ್ರತಿ ಮರದ ಬುಡದಲ್ಲೂ ಸಿಮೆಂಟಿಲ್ಲದ ಅಗಲವಾದ ಮಣ್ಣಿನ ಪಾತಿ. ಪಾತಿಯ ಸುತ್ತ ಬೆರಳು ಗಾತ್ರದ ಕೊಳವೆ. ಕೊಳವೆಯ ತೂತುಗಳಿಂದ ತೊಟ್ಟು ತೊಟ್ಟಾಗಿ ನೀರು. ‘ಈ ನೀರು ಕುಡಿಯಬೇಡ. ಇದು ನಮ್ಮ ಮನೆಗಳ ಕೊಳಚೆ ನೀರು. ಶುದ್ಧಮಾಡಿ ಇಲ್ಲಿಗೆ ಬಿಡುತ್ತಾರೆ’ ಎಂದ ಚಿಕ್ಕಪ್ಪ.

ದುಬೈಯ ಕುಡಿಯುವ ನೀರು ಬಹುಪಾಲು ಸಮುದ್ರದ್ದು. ಉಪ್ಪು ತೆಗೆದ ಆ ನೀರು ಮನೆಗೆ ಬಂದು, ಸ್ನಾನ, ಅಡುಗೆ ಮುಗಿಸಿ ಚರಂಡಿ ಸೇರುತ್ತದೆ. ಅಲ್ಲಿಂದ ಅದು ಸಂಸ್ಕರಣಾ ಘಟಕಕ್ಕೆ ಹೋಗಬೇಕು. ಮೊದಲು ಕಸ, ಮರಳು ಬೇರ್ಪಡುತ್ತವೆ. ಆಮೇಲೆ ಗಾಳಿಯೂದಿದ ತೊಟ್ಟಿಗಳಲ್ಲಿ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ಮುಗಿಸುತ್ತವೆ. ಕೊನೆಗೆ ಸೋಸಿ, ರೋಗಾಣು ನಾಶಮಾಡಿದ ನೀರು ಬೇರೆಯದೇ ಕೊಳವೆಗಳಲ್ಲಿ ಉದ್ಯಾನಗಳಿಗೂ ರಸ್ತೆ ಬದಿಯ ಮರಗಳಿಗೂ ಹರಿಯುತ್ತದೆ. ಬುರ್ಜ್ ಖಲೀಫಾ ಕಟ್ಟಡದ ಹವಾನಿಯಂತ್ರಣ ಯಂತ್ರಗಳಿಂದ ತೊಟ್ಟಿಕ್ಕುವ ನೀರನ್ನೂ ಬಿಡದೆ ಕೂಡಿಹಾಕಿ ಸುತ್ತಲಿನ ತೋಟಕ್ಕೆ ಬಳಸುತ್ತಾರೆ. ಒಂದೇ ನೀರಿಗೆ ಎರಡು ಜನ್ಮ!

ಹವಾನಿಯಂತ್ರಣದ ಕೆಲಸಗಾರ ಚಿಕ್ಕಪ್ಪ ಮತ್ತೊಂದು ಸಂಗತಿ ಹೇಳಿದ. ಯಂತ್ರ ಕೋಣೆಯ ಬಿಸಿಯನ್ನು ಹೊರಗೆ ಸಾಗಿಸುತ್ತದೆ ಅಷ್ಟೆ. ಬೀದಿ ಇನ್ನಷ್ಟು ಬಿಸಿಯಾಗುತ್ತದೆ. ಮರದ ಕ್ರಮ ಬೇರೆ. ಎಲೆಯಿಂದ ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೋ ಕ್ಯಾಲೊರಿ ಶಾಖ ಬೇಕು. ಆ ಶಾಖವನ್ನು ಅದು ಸುತ್ತಲಿನಿಂದಲೇ ಹೀರುತ್ತದೆ. ದಿನಕ್ಕೆ 100 ಲೀಟರ್ ನೀರು ಆವಿಮಾಡುವ ಮರವೊಂದು ಹೀರಿಕೊಳ್ಳುವ ಶಾಖ ವಿದ್ಯುತ್ತಿನ ಲೆಕ್ಕದಲ್ಲಿ 67 ಯೂನಿಟ್ಟಿಗೆ ಸಮ. ‘ನಮ್ಮ ಹೊಂಗೆಯೂ ಹಾಗೇ ಮಾಡ್ತಿತ್ತಾ?’ ಎಂದು ಹುಡುಗಿ ಕೇಳಿದಳು. ಅಪ್ಪ ಉತ್ತರಿಸಲಿಲ್ಲ.

ಹಸಿರಿನ ಬೆಲೆ

ಹಾಗೆಂದು ದುಬೈಯ ಹಸಿರನ್ನು ಕಂಡು ಮರುಳಾಗಬೇಕಿಲ್ಲ. ಆಧುನಿಕ ವಿಧಾನದಲ್ಲಿ 1,000 ಲೀಟರ್ ಸಮುದ್ರದ ನೀರಿನ ಉಪ್ಪು ತೆಗೆಯಲು ಮೂರರಿಂದ ನಾಲ್ಕು ಯೂನಿಟ್ ವಿದ್ಯುತ್ ಬೇಕು. ತೈಲಸಂಪತ್ತಿನ ನಾಡಿಗೆ ಅದು ಸಾಧ್ಯವಾಯಿತು, ಎಲ್ಲರಿಗೂ ಸಾಧ್ಯವಿಲ್ಲ.

ಆದರೆ ನಗುವ ಮುನ್ನ ಬೆಂಗಳೂರಿನ ಲೆಕ್ಕವನ್ನೂ ನೋಡಬೇಕು. ನಗರಕ್ಕೆ ಕಾವೇರಿ ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಹಂತಗಳಲ್ಲಿ ಪಂಪು ಮಾಡಿ ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಬೇಕು. ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. 1,000 ಲೀಟರ್ ನೀರಿನ ರಾಶಿ 1,000 ಕಿಲೋಗ್ರಾಂ. ಅದನ್ನು 9.8ರಿಂದ ಮತ್ತು 500ರಿಂದ ಗುಣಿಸಿದರೆ 49 ಲಕ್ಷ ಜೂಲ್. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಭಾಗಿಸಿದರೆ 1.36 ಯೂನಿಟ್. ಪಂಪು, ಕೊಳವೆಗಳಲ್ಲಿ ಆಗುವ ನಷ್ಟ ಸೇರಿಸಿದರೆ ಎರಡು ಯೂನಿಟ್ಟಿನ ಹತ್ತಿರ. ಸಮುದ್ರದ ನೀರನ್ನು ಸಿಹಿ ಮಾಡುವ ಖರ್ಚಿನ ಅರ್ಧದಷ್ಟನ್ನು ನಾವು ಬರಿಯ ಏರಿಸುವುದಕ್ಕೇ ಸುರಿಯುತ್ತಿದ್ದೇವೆ. ಅಂಥ ನೀರನ್ನು ಒಂದೇ ಸಲ ಬಳಸಿ ಚರಂಡಿಗೆ ಚೆಲ್ಲುವುದು ಯಾವ ಜಾಣತನ?

ಸಮಾಧಾನದ ಸಂಗತಿಯೂ ಇದೆ. ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕುಗಳಲ್ಲಿ ಕೊಳಚೆ ನೀರನ್ನು ಸಂಸ್ಕರಿಸಿ ಗಿಡಗಳಿಗೆ ಉಣಿಸುವ ಘಟಕಗಳನ್ನು ಸ್ಥಾಪಿಸಲಾಗಿದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಅನೇಕ ದೊಡ್ಡ ವಸತಿ ಸಮುಚ್ಚಯಗಳು ತಮ್ಮದೇ ಘಟಕ ಇಟ್ಟುಕೊಂಡಿವೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ನೀರು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಅಂದರೆ ವಿದ್ಯೆ ನಮಗೂ ಗೊತ್ತು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಮನೆಯ ಕೊಳಚೆಯನ್ನು ಸೂಕ್ಷ್ಮಜೀವಿ ತಿಂದೀತು, ಕಾರ್ಖಾನೆಯ ವಿಷವನ್ನಲ್ಲ. ಲೋಹಲೇಪನದ ಕೆಲಸ ಹೆಚ್ಚಾಗಿರುವ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದನ್ನು ಪರೀಕ್ಷೆಗಳು ತೋರಿಸಿವೆ. ಆ ಲೋಹ ಒಮ್ಮೆ ನೆಲಕ್ಕಿಳಿದರೆ ತೆಗೆಯುವುದು ಬಹು ಕಷ್ಟ. ಎರಡು ಬಗೆಯ ನೀರು ಬೆರೆಯದಂತೆ ನೋಡಿಕೊಳ್ಳುವುದು ಮೊದಲ ಪಾಠ.

ಮಳೆಯೊಳಗೆ ಮರಳಿದ್ದು

ಅಕ್ಟೋಬರ್ 15ರ ರಾತ್ರಿ ಅವರು ಬೆಂಗಳೂರಿಗೆ ಇಳಿದಾಗ ಮಳೆ ಧೋ ಎಂದು ಸುರಿಯುತ್ತಿತ್ತು. ಅಂದು ನಗರದ ಉತ್ತರ ಭಾಗದ ಮಾನ್ಯತಾ ಟೆಕ್ ಪಾರ್ಕಿನೊಳಗೆ ನೀರು ನುಗ್ಗಿತ್ತು. ಬಸ್ಸಿನ ಕಿಟಕಿಯಿಂದ ನೋಡಿದರೆ ರಸ್ತೆಯೇ ಹೊಳೆ. ಆರು ತಿಂಗಳ ಹಿಂದೆ ಬಿಂದಿಗೆಗೆ ಅತ್ತ ಊರಿನಲ್ಲಿ ನೀರು ಯಾರಿಗೂ ಬೇಡವಾಗಿ ಮೋರಿಯ ಕಡೆಗೆ ಓಡುತ್ತಿತ್ತು. ಮರುದಿನ, ಅಂದರೆ 16ರಂದು, ನಗರದ ಹೊರವಲಯದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಕಾವೇರಿ ಐದನೇ ಹಂತದ ಉದ್ಘಾಟನೆ. ಒಂದು ಕಡೆ ದೂರದಿಂದ ನೀರು ಬಂತೆಂಬ ಸಂಭ್ರಮ. ಇನ್ನೊಂದು ಕಡೆ ಮನೆ ಬಾಗಿಲಿಗೇ ಬಂದ ನೀರಿಗೆ ದಾರಿಯಿಲ್ಲ.

ಹುಡುಗಿ ನೋಟ್ ಪುಸ್ತಕದಲ್ಲಿ ಒಂದು ಲೆಕ್ಕ ಬರೆದು ಅಪ್ಪನಿಗೆ ತೋರಿಸಿದಳು. 600 ಚದರಡಿಯ ಮಾಳಿಗೆ ಎಂದರೆ ಸುಮಾರು 56 ಚದರ ಮೀಟರ್. ವರ್ಷಕ್ಕೆ 970 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡರೆ ಅದರ ಮೇಲೆ ಬೀಳುವ ನೀರು 54,000 ಲೀಟರ್. 6,000 ಲೀಟರಿನ ಒಂಬತ್ತು ಟ್ಯಾಂಕರು! ಅದೇ ಮಾಳಿಗೆ ದುಬೈಯಲ್ಲಿದ್ದರೆ ವರ್ಷಕ್ಕೆ ಒಂದು ಟ್ಯಾಂಕರೂ ತುಂಬುವುದಿಲ್ಲ. ‘ಅಪ್ಪಾ, ಒಂಬತ್ತು ಟ್ಯಾಂಕರ್ ನೀರನ್ನ ನಾವು ಮೋರಿಗೆ ಬಿಟ್ಟು, ಮರ ಒಣಗಿತು ಅಂತ ಕಡಿಸ್ತಾ ಇದೀವಿ’ ಎಂದಳು.

ಮಳೆ ನಿಂತ ಬೆಳಿಗ್ಗೆ ಅಜ್ಜಿ ಹೊಂಗೆಯ ಬುಡಕ್ಕೆ ಹೋಗಿ ಕುಳಿತರು. ಆಗ ಎಲ್ಲರಿಗೂ ಕಂಡಿತು. ಅಷ್ಟು ಮಳೆ ಬಂದರೂ ಬುಡದ ಮಣ್ಣು ಒದ್ದೆಯಾಗಿರಲಿಲ್ಲ. ಅಲ್ಲಿ ಮಣ್ಣೇ ಇರಲಿಲ್ಲ. ಕೆಲ ವರ್ಷಗಳ ಹಿಂದೆ ಬಾಗಿಲ ಮುಂದೆ ಕೆಸರಾಗುತ್ತದೆಂದು ಹಾಕಿಸಿದ ಸಿಮೆಂಟು ಕಾಂಡವನ್ನು ಕತ್ತಿನ ಪಟ್ಟಿಯಂತೆ ಬಿಗಿದಿತ್ತು. ಬೇರಿಗೆ ನೀರಷ್ಟೇ ಅಲ್ಲ, ಗಾಳಿಯೂ ಬೇಕು. ಬೇರಿನ ಜೀವಕೋಶಗಳೂ ಉಸಿರಾಡುತ್ತವೆ. ‘ನೆಲಕ್ಕ ಉಸಿರು ಕಟ್ಟಿದ್ರ ಗಿಡಕ್ಕೂ ಕಟ್ತದ’ ಎಂದರು ಅಜ್ಜಿ. ಆರು ದಿನಗಳಲ್ಲಿ ಹೊಂಗೆಯ ಬಗ್ಗೆ ಅವರಾಡಿದ ಮೊದಲ ಮಾತು ಅದು.

ಅಪ್ಪ ಕಾರ್ಖಾನೆಯಿಂದ ಉಳಿ, ಸುತ್ತಿಗೆ ತಂದ. ಭಾನುವಾರವಿಡೀ ಕೂತು ಮರದ ಸುತ್ತ ಮೂರಡಿ ಅಗಲಕ್ಕೆ ಸಿಮೆಂಟನ್ನು ಒಡೆದ. ಬೇರಿಗೆ ಪೆಟ್ಟಾಗದಂತೆ ಕೈಯಿಂದಲೇ ಮಣ್ಣು ಸಡಿಲಿಸಿದ್ದಾಯಿತು. ಮಾಳಿಗೆಯ ಮಳೆನೀರಿನ ಕೊಳವೆಯನ್ನು ಪಾತಿಗೆ ತಿರುಗಿಸಲಾಯಿತು. ತರಕಾರಿ ತೊಳೆದ ನೀರು, ಬಟ್ಟೆ ಜಾಲಿಸಿದ ಕೊನೆಯ ನೀರು ಅಲ್ಲಿಗೇ. ಸೋಪು ಹೆಚ್ಚಿರುವ ಮೊದಲ ನೀರನ್ನು ಹಾಕಬಾರದೆಂಬ ನಿಯಮ ಹುಡುಗಿಯದು. ಒಣಗಿದ ಕೊಂಬೆಗಳನ್ನಷ್ಟೇ ತೆಗೆಸಿದರು. ಕಡಿಯುವ ಅರ್ಜಿ ಕಪಾಟಿನಲ್ಲಿಯೇ ಉಳಿಯಿತು.

ಹತ್ತಿರದ ಉದ್ಯಾನ

ನವೆಂಬರಿನ ಒಂದು ಭಾನುವಾರ ಅಪ್ಪ, ಮಗಳು ಮತ್ತೀಕೆರೆಯ ಜಯಪ್ರಕಾಶ ನಾರಾಯಣ ಉದ್ಯಾನಕ್ಕೆ ಹೋದರು. ಪೀಣ್ಯದವರಿಗೆ ಅತಿ ಹತ್ತಿರದ ದೊಡ್ಡ ಉದ್ಯಾನ ಅದು. ಸುಮಾರು 85 ಎಕರೆ ವಿಸ್ತಾರದ, 2006ರಲ್ಲಿ ತೆರೆದ ಈ ತೋಟದಲ್ಲಿ ಕೆರೆಯಿದೆ, ನಡಿಗೆಯ ಹಾದಿಗಳಿವೆ, ಮರಗಳ ನೆರಳಿದೆ. ಇಷ್ಟು ವರ್ಷ ಪಕ್ಕದಲ್ಲಿದ್ದೂ ಅವರು ಒಳಗೆ ಕಾಲಿಟ್ಟದ್ದು ಒಂದೆರಡು ಸಲ ಮಾತ್ರ. ಕಾರ್ಖಾನೆಯ ಪಾಳಿ, ಓವರ್‌ಟೈಮ್, ಸಂತೆ ಇವುಗಳ ನಡುವೆ ಉದ್ಯಾನಕ್ಕೆ ಹೊತ್ತೆಲ್ಲಿ? 2,700 ಕಿಲೋಮೀಟರ್ ಹಾರಿಹೋಗಿ ತೋಟ ನೋಡಿ ಬಂದವರಿಗೆ ಮನೆಯ ಹತ್ತಿರದ ತೋಟ ಈಗ ಬೇರೆಯದೇ ಕಣ್ಣಿನಿಂದ ಕಾಣತೊಡಗಿತು. ಹುಡುಗಿ ಪ್ರತಿ ಮರದ ಬುಡ ನೋಡುತ್ತ ನಡೆದಳು. ಕೆರೆ ಇರುವ ಕಡೆ ಮರಗಳು ಹೇಗಿವೆ, ಕಲ್ಲು ಹಾಸಿದ ಕಡೆ ಹೇಗಿವೆ ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡಳು.

ತಂದೆತಾಯಂದಿರು ಮಕ್ಕಳೊಂದಿಗೆ ಮಾಡಬಹುದಾದ ಸುಲಭದ ಪ್ರಯೋಗ ಇದು. ಯಾವ ಖರ್ಚೂ ಇಲ್ಲ. ನಿಮ್ಮ ಬೀದಿಯ ಮರಗಳನ್ನು ಎಣಿಸಿ. ಎಷ್ಟು ಮರಗಳ ಬುಡಕ್ಕೆ ಸಿಮೆಂಟು ಬಿಗಿದಿದೆ ನೋಡಿ. ನಿಮ್ಮ ಮಾಳಿಗೆಯ ಅಳತೆಯನ್ನು ಮಳೆಯ ಅಳತೆಯಿಂದ ಗುಣಿಸಿ. ಉತ್ತರ ಕಂಡ ಮೇಲೆ ಸುಮ್ಮನಿರುವುದು ಕಷ್ಟ.

2025ರ ಮಾರ್ಚ್ 30ಕ್ಕೆ ಯುಗಾದಿ. ಅದಕ್ಕೆ ಒಂದು ವಾರ ಮೊದಲೇ ಚೊಕ್ಕಸಂದ್ರದ ಆ ಮನೆಯ ಮುಂದೆ ಹೊಂಗೆ ಎಳೆಹಸಿರು ಚಿಗುರು ಹೊತ್ತಿತು. ಎಲ್ಲ ಕೊಂಬೆಗಳಲ್ಲಿ ಅಲ್ಲ. ಬೀದಿ ಕಡೆಯ ಒಂದು ಕೊಂಬೆ ಹಾಗೆಯೇ ಬೋಳಾಗಿ ಉಳಿಯಿತು. ಆದರೂ ಅಜ್ಜಿಗೆ ಕುಳಿತುಕೊಳ್ಳಲು ಸಾಕಾಗುವಷ್ಟು ನೆರಳು ಬಂದಿದೆ. ಸ್ಕೂಟರ್ ಈಗಲೂ ಗೋಡೆಗೆ ಒರಗಿಯೇ ನಿಲ್ಲುತ್ತದೆ. ಒಳಗೆ ದೇವರ ಪಟದ ಕೆಳಗೆ, ಮರಳುನಾಡಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಬನ್ನಿಯ ಎಲೆಗಳು ಒಣಗಿ ಪುಡಿಯಾಗುತ್ತಿವೆ. ಅಜ್ಜಿ ಅವನ್ನು ಎಸೆಯಲು ಒಪ್ಪಿಲ್ಲ.